ಸವೆದ ವೈರು

ತುಕ್ಕಿನ ಪುಡಿ ಬಂದು ಕಣ್ಣಿಗೇ ಬೀಳಬೇಕೆ, ಉಜ್ಜುವ ಹಾಗಿಲ್ಲ, ಕೈಯೆಲ್ಲ ಗ್ರೀಸು, ತೋಳಿನಿಂದ ಒರೆಸಿಕೊಳ್ಳೋಣ ಅಂದರೆ ತೋಳಿನದೂ ಅದೇ ಕಥೆ — ಕಣ್ಣು ಪಿಳಿಪಿಳಿ ಮಾಡುತ್ತ ಕೂತಿದ್ದೇನೆ, ನೀರು ತಾನಾಗಿ ಬಂದು ತೊಳೆದುಕೊಂಡು ಹೋಗಲಿ ಅಂತ, ಕಾರು ಜಾಕಿನ ಮೇಲೆ ಕಾಲೆತ್ತಿದ ನಾಯಿಯ ಹಾಗೆ ನಿಂತಿದೆ, ಬಿಚ್ಚಿದ ಮುಂದಿನ ಚಕ್ರ ಗೋಡೆಗೆ ಒರಗಿದೆ, ಈ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಇಷ್ಟೆಲ್ಲ ಪಾಡು ಹೆಬ್ಬೆರಳ ಗಾತ್ರದ ಒಂದು ಪ್ಲಾಸ್ಟಿಕ್ ತುಂಡಿಗಾಗಿ, ಅದಕ್ಕೊಂದು ಕಪ್ಪು ವೈರಿನ ಬಾಲ, ಸ್ಪೀಡ್ ಸೆನ್ಸರ್ ಅಂತ ಹೆಸರು ಬೇರೆ, ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಬ್ರೇಕಿನ ಕಿವಿಗೆ ಚಾಡಿ ಹೇಳುವುದಷ್ಟೇ ಅದರ ಕೆಲಸ, ಅದು ಬಾಯಿ ಮುಚ್ಚಿಕೊಂಡ ದಿನದಿಂದ ಸ್ಟೀರಿಂಗಿನ ಹಿಂದೆ ಹಳದಿ ದೀಪ ಉರಿಯುತ್ತಲೇ ಇದೆ. ವರ್ಕ್‌ಶಾಪಿಗೆ ಬಿಟ್ಟುಬಿಡಿ ಅಂದಳು ಹೆಂಡತಿ, ನಾನು ಕೇಳುವ ಆಸಾಮಿಯೇ, ಮನೆಯಲ್ಲೇ ಆಗುವ ಕೆಲಸಕ್ಕೆ ಅವರೇಕೆ ಅಂದೆ. ಅಡುಗೆಮನೆಯ ಕಿಟಕಿ ತೆರೆದಿದೆ, ಅವಳು ಫೋನಿನಲ್ಲಿದ್ದಾಳೆ, ಲ್ಯಾಬಿನ ದೊಡ್ಡ ಮೇಡಂ ಇರಬೇಕು, ಇವಳು ಅಲ್ಲಿ ರಕ್ತ ತೆಗೆಯುವವಳು, ಮುದುಕರ ಒಣಗಿದ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಾಳೆ, ಆ ಅಕ್ಕನೇ ಬರಲಿ ಅಂತ ಹಟ ಹಿಡಿದು ಕಾಯುವವರಿದ್ದಾರೆ, ಈಗ ಲ್ಯಾಬಿನವರು ಮನೆಮನೆಗೆ ಹೋಗಿ ರಕ್ತ ತೆಗೆಯುವುದನ್ನು ಶುರು ಮಾಡುತ್ತಿದ್ದಾರೆ, ಅದರ ಪೂರ್ತಿ ಜವಾಬ್ದಾರಿ ಇವಳಿಗೇ ಕೊಡುತ್ತಾರಂತೆ, ಆದರೆ ಕಾರು ಓಡಿಸಿಕೊಂಡು ಹೋಗಬೇಕು, ಇವತ್ತು ಸಂಜೆಯೊಳಗೆ ತೀರ್ಮಾನ ತಿಳಿಸಬೇಕು. ನನ್ನ ಕೈ ಸ್ಪ್ಯಾನರಿನ ಮೇಲೆ, ಕಿವಿ ಕಿಟಕಿಯ ಕಡೆ. ಆಸೆ ಏನೋ ಇದೆ ಮೇಡಂ, ಆದ್ರೆ ನಂಗೆ ಡ್ರೈವಿಂಗ್ ಅಷ್ಟು ಬರಲ್ಲ, ಸ್ಟೀರಿಂಗ್ ಮೇಲೆ ಕೈ ನಿಲ್ಲಲ್ಲ. ಕೈ ನಿಲ್ಲಲ್ಲ — ಅದು ನನ್ನ ಮಾತು, ನನ್ನ ಬಾಯಿಂದ ಹೋದದ್ದು, ಒಂದು ಅಕ್ಷರವನ್ನೂ ಬದಲಾಯಿಸಿಲ್ಲ ಅವಳು. ಸಂಜೆಯವರೆಗೂ ಯೋಚನೆ ಮಾಡು ಅಂದರೇನೋ ಆ ಕಡೆಯಿಂದ, ಆಯ್ತು ಮೇಡಂ ಅಂದು ಫೋನಿಟ್ಟಳು.

ತುಕ್ಕು ಬಿಡಿಸುವ ಸ್ಪ್ರೇ ಇನ್ನೊಂದಿಷ್ಟು ಹೊಡೆದು ನೆನೆಯಲು ಬಿಡಬೇಕು, ಆತುರಪಟ್ಟರೆ ಬೋಲ್ಟಿನ ತಲೆಯೇ ಹೋಗುತ್ತದೆ, ಆತುರ ನನ್ನ ಹುಟ್ಟುಗುಣ, ಅವತ್ತು ಭಾವಮೈದನ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅಷ್ಟೇ, ಏನು ಭಾವ, ಕಾರಿಗೆ ಏನಾಯ್ತಂತೆ ಅಂತ ಅವನು ಕೇಳಿದ್ದೇ ತಡ, ಶುರು ಹಚ್ಚಿಕೊಂಡೆ. ಹಿಂದಿನ ದಿನ ಇವಳು ಕಾರು ನಿಲ್ಲಿಸುವಾಗ ಫುಟ್‌ಪಾತಿನ ಅಂಚುಕಲ್ಲಿಗೆ ಚಕ್ರ ತಾಗಿಸಿದ್ದಳು, ಮೆತ್ತಗೆ, ಟೈರಿನ ಮೇಲೊಂದು ಬಿಳಿ ಗೀರು, ಅಷ್ಟೇ, ಮಾರನೆಯ ಬೆಳಿಗ್ಗೆ ಹಳದಿ ದೀಪ. ನಾನು ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು, ಕಣ್ಣರಳಿಸಿ, ಕತ್ತು ಚಾಚಿ, ಅವಳು ಓಡಿಸುವ ಹಾಗೆ ಆಡಿ ತೋರಿಸಿದೆ, ಇವಳ ಕೈ ನಿಲ್ಲಲ್ಲ ಕಣಯ್ಯಾ, ಸೂಜಿ ಹಿಡಿದಷ್ಟು ಸುಲಭಾನಾ ಇದು ಅಂದೆ, ಫುಟ್‌ಪಾತ್ ರಾಣಿ ಅಂತ ಹೆಸರೂ ಇಟ್ಟೆ, ಭಾವಮೈದನ ಮಗಳು ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡಿತು, ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಹೆತ್ತ ತಾಯಿ. ಕಲ್ಲಿಗೆ ತಾಗಿದ್ದಕ್ಕೇ ಹೋಯ್ತು ಅಂತ ಹೇಗೆ ಹೇಳ್ತೀರಿ ಭಾವ ಅಂತ ಭಾವಮೈದ ಒಂದು ಮಾತು ಕೇಳಿದ, ಕೇಳಿದ್ದು ಸರಿಯಾಗಿಯೇ ಇತ್ತು, ನಾನು ದಿನಾ ನೋಡೋದು ಇದನ್ನೇ ಅಲ್ವೇನಯ್ಯಾ ಅಂದೆ. ಹೌದು, ನಾನು ಇನ್ಶೂರೆನ್ಸ್ ಸರ್ವೇಯರು, ಜಜ್ಜಿದ ಕಾರುಗಳ ಮುಂದೆ ಕೂತು ಯಾವ ಗೀರು ಹೊಸದು, ಯಾವ ತಗ್ಗು ಹಳೆಯದು, ತಪ್ಪು ಯಾರದು ಅಂತ ಹೇಳುವುದೇ ನನ್ನ ಅನ್ನ, ಬೇರೆಯವರ ಕಾರಾದರೆ ಚಕ್ರ ಬಿಚ್ಚಿಸದೆ ಬಾಯಿ ತೆರೆಯುವವನಲ್ಲ, ಹೆಂಡತಿಯ ವಿಷಯಕ್ಕೆ ತಟ್ಟೆಯ ಮುಂದೆ ಕೂತೇ ತೀರ್ಪು ಕೊಟ್ಟೆ. ಅವಳೂ ನಕ್ಕಳು. ನಕ್ಕಳಲ್ಲ, ಮತ್ತೇನು, ಅಂತ ಎಷ್ಟು ಸಲ ಸಮಾಧಾನ ಮಾಡಿಕೊಂಡಿದ್ದೇನೆ, ಎಲ್ಲರೂ ನಗುವಾಗ ಅವಳು ಇನ್ನೇನು ಮಾಡಬೇಕಿತ್ತು. ಹೊರಡುವಾಗ ನೀವೇ ಓಡಿಸಿ ಅಂತ ಪಕ್ಕದ ಸೀಟಿನಲ್ಲಿ ಕೂತವಳು ಆಮೇಲೆ ಸ್ಟೀರಿಂಗಿನ ಮುಂದೆ ಬಂದು ಕೂತಿಲ್ಲ, ಬಸ್ಸಿಗೆ ಹೋಗುತ್ತಾಳೆ, ನಿಂತುಕೊಂಡು.

ಅಬ್ಬ, ಅಲ್ಲಾಡಿತು, ಬಂತು ಬೋಲ್ಟು, ಇನ್ನು ಸೆನ್ಸರನ್ನು ಇಕ್ಕಳದಲ್ಲಿ ಹಿಡಿದು ಆಚೆ ಈಚೆ ತಿರುಗಿಸುತ್ತ ಎಳೆಯಬೇಕು, ಬಾರಪ್ಪ, ಬಾರೋ ಮಹಾರಾಯ, ಬಂತು, ಇಡಿಯಾಗಿ ಬಂತು. ನೋಡಿದರೆ ಏಟು ತಿಂದ ಗುರುತೇ ಇಲ್ಲ, ಒಂದು ಬಿರುಕಿಲ್ಲ, ಹಾಗಾದರೆ ವೈರು, ವೈರನ್ನು ಬೆರಳ ನಡುವೆ ಇಟ್ಟುಕೊಂಡು ಮೇಲಕ್ಕೆ ಸವರುತ್ತ ಹೋಗುತ್ತೇನೆ, ನುಣುಪು, ನುಣುಪು, ಇಲ್ಲಿ ತರಿತರಿ. ರಬ್ಬರು ಸವೆದು ತಾಮ್ರದ ಎಳೆ ಹೊರಗೆ ಬಂದಿದೆ, ಕಡಿದುಹೋಗಿದೆ. ಕಲ್ಲಿಗೆ ತಾಗಿದ್ದಲ್ಲ ಇದು, ಕಲ್ಲು ತಾಗಿದರೆ ಒಂದೇ ಏಟಿಗೆ ಹರಿಯುತ್ತದೆ, ಇದು ದಿನಾ ಇಷ್ಟಿಷ್ಟೇ ಉಜ್ಜಿ ಉಜ್ಜಿ ತೆಳುವಾದದ್ದು, ಅಲ್ಲದೆ ಕಲ್ಲು ತಾಗಿದ್ದು ಚಕ್ರದ ಹೊರಮೈಗೆ, ಇದು ಒಳಗಡೆ, ಟೈರಿನ ಒಳಗೋಡೆಗೆ ಎದುರಾಗಿ, ಟೈರಿನ ಮೇಲೂ ಕಪ್ಪಗೆ ಹೊಳೆಯುವ ಒಂದು ಪಟ್ಟೆ. ವೈರು ಅಲ್ಲಿಗೆ ಯಾಕೆ ಹೋಯಿತು, ಅದನ್ನು ಹಿಡಿದಿಡಲು ಮೇಲೊಂದು ಕ್ಲಿಪ್ಪು ಇರುತ್ತದೆ — ಇದೆ, ಗಟ್ಟಿಮುಟ್ಟಾಗಿದೆ, ಖಾಲಿ ಇದೆ. ತಾನಾಗಿ ಕಳಚಿಕೊಂಡಿರಬಹುದು. ಹಾಗೆ ಕಳಚುವುದಿಲ್ಲ, ಬೆರಳು ಹಾಕಿ ಒತ್ತಿ ತೆಗೆಯಬೇಕು, ಯಾರು ತೆಗೆದರು, ಚಳಿ ಶುರುವಾಗುವ ಮುಂಚೆ ಬ್ರೇಕ್ ಪ್ಯಾಡು ಬದಲಾಯಿಸಿದವರು ತೆಗೆದರು, ವರ್ಕ್‌ಶಾಪಿನವರೇಕೆ, ಮನೆಯಲ್ಲೇ ಆಗುವ ಕೆಲಸ ಅಂದವರು, ಕೈಗೆ ಅಡ್ಡ ಬರುತ್ತದೆ ಅಂತ ವೈರನ್ನು ಕ್ಲಿಪ್ಪಿನಿಂದ ಬಿಡಿಸಿ ಪಕ್ಕಕ್ಕೆ ಸರಿಸಿದವರು, ಕೆಲಸ ಮುಗಿಸಿ ಅದನ್ನು ವಾಪಸ್ಸು ಸಿಕ್ಕಿಸದೆ ಚಕ್ರ ಹಾಕಿ, ಕೈ ತೊಳೆದುಕೊಂಡು, ಎಷ್ಟು ಉಳಿಸಿದೆ ನೋಡು ಅಂತ ಅವಳ ಮುಂದೆ ಎದೆ ಉಬ್ಬಿಸಿ ನಿಂತವರು. ನಾನು. ಬೇರೆ ಯಾರೂ ಈ ಚಕ್ರ ಮುಟ್ಟಿಲ್ಲ. ಮೈಯೆಲ್ಲ ಬಿಸಿಯಾಗುತ್ತಿದೆ, ಕಿವಿ, ಕತ್ತು, ಯಾರಾದರೂ ನೋಡುತ್ತಿದ್ದಾರೋ ಅಂತ ತಿರುಗಿ ನೋಡುತ್ತೇನೆ, ಪಕ್ಕದ ಮನೆಯ ಟೈಲರ್ ಬಟ್ಟೆ ಒಣಹಾಕುತ್ತಿದ್ದಾನೆ, ಅವನಿಗೇನು ಗೊತ್ತು. ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ ಅಂತ ಎಷ್ಟು ಬೇಗ ಹೊಳೆಯಿತು ನೋಡು, ಥೂ ನನ್ನ ಮುಖಕ್ಕಿಷ್ಟು, ಹಳೇ ವೈರನ್ನು ಸುತ್ತಿ ಚಿಂದಿಬಟ್ಟೆಯ ಒಳಗೆ ತುರುಕಿಯೂ ಆಯಿತು. ಹೇಳುತ್ತೇನೆ, ಹೇಳದೆ ಇರುತ್ತೇನೆಯೆ, ಮೊದಲು ಹೊಸ ಸೆನ್ಸರನ್ನು ಕೂರಿಸಿಬಿಡೋಣ, ತೂತಿನ ತುಕ್ಕು ಉಜ್ಜಿ, ಬೋಲ್ಟು ಬಿಗಿದು, ವೈರನ್ನು ಕ್ಲಿಪ್ಪಿಗೆ ಒತ್ತಿ — ಟಕ್, ಎಷ್ಟು ಸಲೀಸಾಗಿ ಕೂತಿತು, ಅವತ್ತು ಇಷ್ಟು ಮಾಡಿದ್ದರೆ ಸಾಕಿತ್ತು.

ಸ್ಟೀರಿಂಗ್ ಪೂರ್ತಿ ತಿರುಗಿದಾಗ ವೈರು ಎಲ್ಲಿಗೂ ತಾಗಬಾರದು, ಅದನ್ನು ನೋಡಲು ಒಳಗೊಬ್ಬರು ಕೂರಬೇಕು, ಒಂದು ನಿಮಿಷ ಬಾರೇ ಅಂತ ಕರೆದೆ. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು, ಯಾಕೋ ಕಾರಿನ ಬಾಗಿಲನ್ನು ಬೇರೆಯವರ ಮನೆಯ ಬಾಗಿಲಿನ ಹಾಗೆ ತೆರೆದಳು, ತನ್ನ ಗೊಂಚಲಿನ ಕೀ ಹಾಕಿದಳು, ಆ ಕಡೆ ಪೂರ್ತಿ ತಿರುಗಿಸು ಅಂದೆ, ತಿರುಗಿಸಿದಳು, ಈ ಕಡೆ ಅಂದೆ, ಒಂದು ಚೂರು ಅದುರದೆ, ನಿಧಾನವಾಗಿ, ನರ ಹುಡುಕುವ ಕೈ ಅದು, ನಿಲ್ಲದೆ ಏನು, ವೈರು ಎಲ್ಲಿಗೂ ತಾಗಲಿಲ್ಲ, ನಾನು ಚಕ್ರದ ಗೂಡಿನೊಳಗೆ ತಲೆ ಇಟ್ಟುಕೊಂಡೇ ಇದ್ದೆ, ಹೊರಗೆ ತೆಗೆಯಲು ಧೈರ್ಯ ಇಲ್ಲ. ಸರಿ ಆಯ್ತಾ ಅಂದಳು. ವೈರ್ ಸವೆದಿತ್ತು, ಬೇರೆ ಹಾಕಿದೀನಿ ಅಂದೆ, ಇಷ್ಟು ಹೇಳಿದೆನಲ್ಲ, ಮುಂದಿನದೂ ಇದರ ಹಿಂದೆಯೇ ಬರುತ್ತದೆ ಅಂದುಕೊಂಡೆ, ಬಾಯಿ ತೆರೆದೇ ಇತ್ತು. ಅವಳು ಸೀಟಿನಿಂದ ಬಗ್ಗಿ ನೋಡಿದಳು. ಆ ಕಲ್ಲಿಗೆ ತಾಗಿಯೇ ಅಲ್ವಾ? ಅಂದಳು, ದೂರುವ ದನಿಯಲ್ಲ, ಅಲ್ಲ ಅನ್ನಲಿ ಅಂತ ಕೇಳಿದವಳ ಹಾಗೆ ಅನ್ನಿಸಿತು, ಈಗ ಅನ್ನಿಸುತ್ತಿದೆ. ಹೂಂ ಅಂದೆ. ಯಾಕೆ ಅಂದೆ, ಅಲ್ಲ ಅಂದರೆ ತಟ್ಟೆ ತಿರುಗಿಸಿ ಆಡಿದ್ದು, ಹೆಸರಿಟ್ಟಿದ್ದು, ಅತ್ತೆ ನಕ್ಕದ್ದು ಎಲ್ಲ ವಾಪಸ್ಸು ನನ್ನ ತಲೆಯ ಮೇಲೆ ಬೀಳುತ್ತದೆ ಅಂತ, ಇನ್ನೇನು, ಹೇಡಿ, ನಾಚಿಕೆಗೆಟ್ಟವನು, ನಾಚಿಕೆಯಾಗಿಯೇ ಇನ್ನೊಂದು ಸುಳ್ಳು ಹೇಳಿದವನು.

ನಂಗೂ ಹಾಗೇ ಅನ್ನಿಸಿತ್ತು ಅಂದಳು. ಸುಮ್ನೆ ನಾನು ಆಸೆ ಪಟ್ಕೊಂಡೆ, ಯಾರದಾದ್ರೂ ಮಕ್ಕಳಿಗೆ ತಾಗಿದ್ರೆ, ಮೇಡಂಗೆ ಬೇಡ ಅಂತ ಈಗ್ಲೇ ಹೇಳ್ಬಿಡ್ತೀನಿ. ಇಳಿದು ನಿಂತು ಗೊಂಚಲನ್ನು ಅಂಗೈಯಲ್ಲಿಟ್ಟುಕೊಂಡಳು, ಮನೆಯ ಕೀ, ಲ್ಯಾಬಿನ ಕಪಾಟಿನ ಕೀ, ಕಾರಿನದು, ಕಾರಿನದನ್ನು ಬೇರೆ ಮಾಡಲು ರಿಂಗಿನ ಸಂದಿಗೆ ಹೆಬ್ಬೆರಳ ಉಗುರು ತೂರಿಸಿದಳು, ಜಾರಿತು, ರಿಂಗು ಮುಚ್ಚಿಕೊಂಡಿತು, ಈಗ ಹೇಳು, ಚಿಂದಿಬಟ್ಟೆ ಬಿಚ್ಚಿ ವೈರು ತೋರಿಸು, ಖಾಲಿ ಕ್ಲಿಪ್ಪಿನ ಮಾತು ಹೇಳು, ನಾಲ್ಕು ಮಾತು, ಉಗುರು ಮತ್ತೆ ಸಂದಿಗೆ ಹೋಯಿತು, ಜಾರಿತು, ರಾತ್ರಿ ಊಟ ಆದ ಮೇಲೆ ಹೇಳಿದರಾಯಿತು, ಆಗ ಮೇಡಂಗೆ ಹೇಳಿ ಆಗಿರುತ್ತದೆ, ಈಗಲೇ, ಉಗುರಿನ ಅಂಚು ಬೆಳ್ಳಗಾಗುವ ಹಾಗೆ ಒತ್ತುತ್ತಿದ್ದಾಳೆ, ರಿಂಗು ಬಾಯಿ ಬಿಡುತ್ತಿದೆ, ನನ್ನದು ಬಿಡುತ್ತಿಲ್ಲ, ಜಾರು ಇನ್ನೊಂದು ಸಲ, ಒಂದೇ ಒಂದು ಸಲ, ಜಾರಲಿಲ್ಲ, ಕೀ ರಿಂಗಿನ ಸುತ್ತ ಒಂದು ಸುತ್ತು ಬಂತು, ಇನ್ನೊಂದು ಸುತ್ತು, ಇದು ನಿಮ್ಮತ್ರಾನೇ ಇರ್ಲಿ, ಕೈ ಚಾಚಿ ಅಂದಳು, ಚಾಚಿದೆ.