ಕಡಿದ ಕೊಳವೆ

ಚಹಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಡೆಂಜಿಲ್‌ಗೆ ನೆನಪಾಗಲಿಲ್ಲ. ಇನ್ನೊಮ್ಮೆ ಹಾಕಿ ಬಾಯಿಗಿಟ್ಟರೆ ಪಾಯಸ. ಎದುರಿಗೆ ಅಕ್ಕ ಕೆರೆನ್ಜಾ ಮುಳುಗುವ ಉಡುಪಿನ ಹರಿದ ಮೊಣಕೈಗೆ ಅಂಟು ಹಚ್ಚುತ್ತ, "ಕೋರ್ಟಿಗೆ ಹೊರಟಿದೀಯೋ, ಗಲ್ಲಿಗೋ?" ಎಂದು ಛೇಡಿಸಿದಳು. ನಾಳೆ ಬಂಡೆಗಂಟಿದ ಅಬಲೋನಿ ಚಿಪ್ಪು ಕೀಳಲು ಸಮುದ್ರಕ್ಕಿಳಿಯುವವಳು ಅವಳೇ. ಅದನ್ನು ನೆನೆದು ತಮ್ಮ ಚಹಾದ ಲೋಟ ಪಕ್ಕಕ್ಕೆ ಸರಿಸಿದ.

ಕ್ಯಾರೋ ಬಂದರಿನ ಮುಳುಗುಗಾರರಿಗೆ ದೋಣಿಯ ಮೇಲಿನ ಯಂತ್ರವೇ ಉದ್ದನೆಯ ಪೈಪಿನಲ್ಲಿ ಉಸಿರು ಕಳಿಸುತ್ತದೆ. ಆ ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆ ಆಳೆತ್ತರಕ್ಕಿರಬೇಕು. ಇಲ್ಲದಿದ್ದರೆ ಗಾಳಿ ತಿರುಗಿದಾಗ ಇಂಜಿನ್ನಿನ ಹೊಗೆಯನ್ನೇ ನುಂಗುತ್ತದೆ. ಆದರೆ ಚಿಪ್ಪಿನ ಚೀಲ ಎತ್ತುವಾಗ ಹಗ್ಗ ಅದಕ್ಕೆ ಸಿಕ್ಕಿಕೊಳ್ಳುತ್ತದೆಂದು ಬಂದರಿನವರೆಲ್ಲ ಅದನ್ನು ಮೊಣಕಾಲೆತ್ತರಕ್ಕೆ ಕಡಿದಿದ್ದರು. ಅಕ್ಕನ ದೋಣಿಯದೂ ಹಾಗೆಯೇ. ಕ್ಲೆಮ್ ಮಾವನ ದೋಣಿಯದೂ ಹಾಗೆಯೇ ಇತ್ತು, ಮುಳುಗುಗಾರ ನೀಲ್ ಪಾಸ್ಕೋ ಅದರ ಕೆಳಗೆ ನೀರಿನಲ್ಲಿ ಸಾಯುವವರೆಗೆ. ಪೊಲೀಸರು ಬರುವಷ್ಟರಲ್ಲಿ ಮಾವ ತುಂಡು ಕೊಳವೆಗೆ ಬೆಸುಗೆ ಹಾಕಿ ಉದ್ದ ಮಾಡಿದ್ದ. ಆ ದಿನ ದೋಣಿಯಲ್ಲಿ ಕೆಲಸಕ್ಕಿದ್ದ ಡೆಂಜಿಲ್ ಒಬ್ಬನೇ ಅದನ್ನು ಕಂಡವನು.

ಕೋರ್ಟಿನ ಮೆಟ್ಟಿಲ ಮೇಲೆ ಮಾವ ಅವನ ಹೆಗಲ ಮೇಲೆ ಕೈಯಿಟ್ಟ. ಅಪ್ಪ ಅಮ್ಮ ಇಲ್ಲದ ಅಕ್ಕ-ತಮ್ಮ ಇಬ್ಬರನ್ನೂ ಸಾಕಿದ ಕೈ ಅದು.

"ನೀಲ್ ರಕ್ತದಲ್ಲಿ ಹೊಗೆಯ ವಿಷ ಸಿಕ್ಕಿದೆಯಂತೆ. ಅವನೇ ಯಂತ್ರಾನ ತಪ್ಪು ಕಡೆಗೆ ತಿರುಗಿಸಿಟ್ಟಿದ್ದ ಅನ್ನು. ಸತ್ತವನಿಗೇನು ನೋವು? ನೀನು ಬಾಯಿಬಿಟ್ರೆ ಎಲ್ಲರ ದೋಣೀನೂ ನಿಲ್ಲಿಸ್ತಾರೆ, ಊರ ಒಲೆಗಳೆಲ್ಲ ಆರ್ತವೆ. ಆಮೇಲೆ ನಿನ್ನ ಯಾರೂ ದೋಣಿ ಹತ್ತಿಸಲ್ಲ, ಮಗಾ."

ಗದರಿಸಿದ್ದರೆ ಡೆಂಜಿಲ್ ಇಷ್ಟು ಹೆದರುತ್ತಿರಲಿಲ್ಲ.

ಸಾವಿನ ವಿಚಾರಣೆ ನಡೆಸುವ ಕೊರೋನರ್ ನರೆಗೂದಲಿನ ಹೆಂಗಸು. ಸಾಕ್ಷಿಯ ಕಟಕಟೆಯಲ್ಲಿ ಅವನು ನೀರಿನ ಲೋಟ ಎತ್ತಿ ಕುಡಿಯದೆ ಕೆಳಗಿಟ್ಟದ್ದನ್ನು ನೋಡಿ ಆಕೆ ಹೇಳಿದಳು: "ಯಾರಿಗೂ ಶಿಕ್ಷೆ ಕೊಡೋದು ನನ್ನ ಕೆಲಸ ಅಲ್ಲ. ಅವರು ಹೇಗೆ ಸತ್ತರು, ಇನ್ನೊಬ್ರು ಹಾಗೆ ಸಾಯದ ಹಾಗೆ ಏನು ಮಾಡ್ಬೇಕು, ಅದನ್ನ ತಿಳ್ಕೋಬೇಕು."

ಸತ್ತವರ ಮನೆಯವರೂ ಪ್ರಶ್ನೆ ಕೇಳಬಹುದಿತ್ತು. ನೀಲ್‌ನ ಹೆಂಡತಿ ಬ್ರಾನ್ವೆನ್ ಎದ್ದು ನಿಂತಳು.

"ನನ್ನ ಗಂಡ ತನ್ನ ಸಾವನ್ನ ತಾನೇ ತಂದ್ಕೊಂಡ್ನಾ, ಡೆಂಜಿಲ್?"

ಹಿಂದಿನ ಬೆಂಚುಗಳಲ್ಲಿ ದೋಣಿಯವರೆಲ್ಲ ಕೈಕಟ್ಟಿ ಕೂತಿದ್ದರು. ಮಾವ ಅವನನ್ನೇ ನೋಡುತ್ತಿದ್ದ. ಕಿಟಕಿಯಾಚೆ ಅಂಚೆ ಕಚೇರಿಯ ಬಾವುಟ ಅಷ್ಟು ಹೊತ್ತು ಬಡಗಣಕ್ಕೆ ಹಾರುತ್ತಿದ್ದದ್ದು ಸದ್ದಿಲ್ಲದೆ ಮೂಡಣಕ್ಕೆ ತಿರುಗಿತು. ಆ ದಿನವೂ ಗಾಳಿ ಹೀಗೇ ತಿರುಗಿತ್ತು.

"ಇಲ್ಲ," ಎಂದ. "ಕೊಳವೆ ಕಡಿದಿತ್ತು. ಆಮೇಲೆ ಉದ್ದ ಮಾಡಿದ್ದು. ಬಂದರಲ್ಲಿ ಎಲ್ಲರದೂ ಕಡಿದೇ ಇದೆ. ನಮ್ಮಕ್ಕ ನಾಳೆ ಅಂಥದ್ದೇ ದೋಣಿಯಿಂದ ಇಳೀತಾಳೆ."

ಬ್ರಾನ್ವೆನ್ ಮುಖ ಮುಚ್ಚಿಕೊಂಡು ಕೂತಳು. ಅವಳ ಹೆಗಲು ಅಲುಗುವುದನ್ನು ನೋಡಲಾಗದೆ ಮಾವ ತಲೆ ತಗ್ಗಿಸಿದ.

ಹೊರಗೆ ಬಂದಾಗ ಡೆಂಜಿಲ್‌ಗೆ ಯಾರೂ ದಾರಿ ಬಿಡಲಿಲ್ಲ. ಬದಿಯಿಂದ ನುಸುಳಿ, ಬೆನ್ನ ಹಿಂದೆ ಹೆಜ್ಜೆ ಸದ್ದಾದಾಗಲೆಲ್ಲ ಬೆಚ್ಚಿ, ಒಬ್ಬನೇ ದೋಣಿ ಕಟ್ಟುವ ಧಕ್ಕೆಗೆ ನಡೆದ. ಅಕ್ಕ ದೋಣಿಯಲ್ಲಿ ಮೋಟು ಕೊಳವೆಯ ಮುಂದೆ ಕೂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಅವಳು ಛೇಡಿಸಲಿಲ್ಲ.

ಆಗ ಮಾವನ ಗಾಡಿ ಬಂದು ನಿಂತಿತು. ಡೆಂಜಿಲ್ ಒಂದು ಹೆಜ್ಜೆ ಹಿಂದೆ ಸರಿದ. ಕ್ಲೆಮ್ ಮಾವ ಅವನತ್ತ ನೋಡದೆ ಹಿಂಬದಿಯಿಂದ ಉದ್ದನೆಯ ಕೊಳವೆಯೊಂದನ್ನು ಇಳಿಸಿದ. ಆಮೇಲೆ, ನೀಲ್ ಸತ್ತ ದಿನ ಪೊಲೀಸರು ಬರುವ ಮುಂಚೆ ಬಳಸಿದ್ದ ಅದೇ ಬೆಸುಗೆಯ ಯಂತ್ರವನ್ನು.

"ಆ ತುದಿ ಹಿಡ್ಕೋ," ಎಂದ. "ಕೈ ನಡುಗಿಸಬೇಡ."

ನಡುಗುತ್ತಿದ್ದದ್ದು ಮಾವನ ಕೈ.