ಸೋಮಾರಿಗಳು ಏಳುವವರೆಗೆ

ಲ್ಯಾಬ್ ಮೇಡಂ ಬರಿಗೈಯಲ್ಲಿ ನಡೆಯುವಾಗಲೂ ಬಲ ಅಂಗೈಯನ್ನು ಎದೆಯ ಮಟ್ಟದಲ್ಲಿ, ತುಂಬಿದ ಬಟ್ಟಲು ಹಿಡಿದವರಂತೆ, ಅಲುಗದೆ ಇಟ್ಟುಕೊಂಡೇ ನಡೆಯುತ್ತಿದ್ದರು. ತಟ್ಟೆಗಳಲ್ಲಿ ರೋಗಾಣು ಬೆಳೆಸಿ ನೋಡುವ ಕೆಲಸದಲ್ಲೇ ತಲೆ ಹಣ್ಣಾದ ಅವರನ್ನು ಮೂಳೆ ವಾರ್ಡಿನಲ್ಲಿ ಮಲಗಿದ್ದ ಬಸ್ ಡ್ರೈವರ್ ಮೊದಲು ಗುರುತಿಸಿದ್ದು ಆ ಕೈಯಿಂದ. ಆಮೇಲೆ, ಮೊಣಕೈ ಸವೆದು ತೇಪೆ ಹಾಕಿದ ಬಿಳಿ ಕೋಟಿನಿಂದ. ಲ್ಯಾಬಿನವರು ಸಾಮಾನ್ಯವಾಗಿ ವಾರ್ಡಿಗೆ ಬರುವುದಿಲ್ಲ. ಇವರು ಮಾತ್ರ, ತಟ್ಟೆಯಲ್ಲಿರುವುದು ಯಾರದೆಂದು ನೋಡಿಕೊಂಡು ಹೋಗಲು, ಮೆಟ್ಟಿಲು ಹತ್ತಿ ಬರುತ್ತಿದ್ದರು.

ಡ್ರೈವರನ ಎಡಗಾಲಿನ ಮೂಳೆ, ಎಷ್ಟು ಔಷಧಿ ಕೊಟ್ಟರೂ, ವಾಸಿಯಾದಂತೆ ತೋರಿಸಿ ಮತ್ತೆ ಕೀವು ತುಂಬಿಕೊಳ್ಳುತ್ತಿತ್ತು. ರೋಗಾಣು ಯಾವುದೆಂದು ತಿಳಿಯದಿದ್ದರೆ ಕಾಲು ತೆಗೆಯುವುದೊಂದೇ ದಾರಿ ಎಂದು ಸರ್ಜನ್ ನೊಂದುಕೊಂಡೇ ಹೇಳಿದ್ದರು. ಕ್ಲಚ್ ತುಳಿಯುವ ಕಾಲು ಅದು.

ಅವನ ಕೀವನ್ನು ಹಾಕಿಟ್ಟ ತಟ್ಟೆ ವಾಡಿಕೆಯ ಗಡುವು ಮುಗಿದರೂ ಖಾಲಿ. ಮೇಡಂ ಅದನ್ನು ಎಸೆಯಲಿಲ್ಲ. ಸರ್ಜನ್ನರಿಗೆ ಹೇಳಿದ್ದು ತಮ್ಮ ಎಂದಿನ ಒಂದೇ ಮಾತು: "ಇರಿ ಡಾಕ್ಟ್ರೇ, ಸೋಮಾರಿಗಳು ಇನ್ನೂ ಎದ್ದಿಲ್ಲ."

ಡ್ರೈವರನ ಹೆಂಡತಿಗೆ ಸಿಟ್ಟು ಬಂತು. "ನಮಗಿಲ್ಲಿ ಜೀವ ಹೋಗ್ತಿದೆ, ನಿಮಗೆ ತಮಾಷೆನಾ?"

ಮೇಡಂ ಮಂಚದ ಅಂಚಿನಲ್ಲಿ ಕುಳಿತರು. "ತಮಾಷೆ ಅಲ್ಲಮ್ಮ. ಈ ರೋಗಾಣುಗಳೆಲ್ಲಾ ಒಂದೇ ತಾಯಿ ಮಕ್ಕಳು, ಒಂದೇ ಊಟ. ಆದ್ರೂ ಕೆಲವು ಕಾರಣ ಇಲ್ದೆ, ಚೀಟಿ ಎತ್ತಿದ ಹಾಗೆ, ನಿಧಾನ ಆಗಿಬಿಡ್ತವೆ. ಔಷಧಿ ಬರೋಕೆ ಮುಂಚೇನೇ. ಔಷಧಿ ಚುರುಕಾಗಿರೋವನ್ನ ಹೊಡೆಯುತ್ತೆ, ಇವು ಉಳ್ಕೊಂಡ್ಬಿಡ್ತವೆ. ಎಲ್ಲಾ ಚುರುಕಾಗೇ ಇದ್ದ ವಂಶಗಳು ಎಂದೋ ನಿರ್ನಾಮ ಆಗಿರ್ತವೆ. ಇಂಥ ನಾಲ್ಕು ಸೋಮಾರಿಗಳು ಹುಟ್ಟೋ ವಂಶಾನೇ ಇಲ್ಲೀವರೆಗೆ ಬಂದಿರೋದು."

"ಹಾಗಾದ್ರೆ ಥೇಟ್ ನನ್ನ ಮೈದುನ," ಎಂದಳು ಆಕೆ, ಸಿಟ್ಟು ಇಳಿಯದೆಯೇ. "ಮನೆಗೆ ಬೆಂಕಿ ಬಿದ್ರೂ ಗೊರಕೆ." ವಾರ್ಡಿಗೆ ಬಂದ ಮೇಲೆ ಡ್ರೈವರ್ ಮೊದಲ ಸಲ ನಕ್ಕ.

ಸರ್ಜನ್ ಕಾದರು. ವಾರ ತುಂಬುವ ಹೊತ್ತಿಗೆ ಮೇಡಂ ಬಂದಾಗ ಆ ಅಂಗೈಯ ಮೇಲೆ ನಿಜವಾಗಿಯೂ ಮುಚ್ಚಳ ಬಿಗಿದ ತಟ್ಟೆಯಿತ್ತು. ಅದರೊಳಗೆ ಸೂಜಿಮೊನೆಯಷ್ಟು ಚುಕ್ಕೆಗಳು. ಔಷಧಿ ಬದಲಾಯಿತು, ತಿಂಗಳುಗಟ್ಟಲೆ ನಡೆಯಿತು. ಕಾಲು ಉಳಿಯಿತು.

ಈಗ ಬಸ್ ಹೊರಡುವ ಹೊತ್ತು ಮೀರಿದ್ದರೂ, ದೂರದಲ್ಲಿ ಯಾರಾದರೂ ಏದುಸಿರು ಬಿಡುತ್ತ ಬರುವುದು ಕಂಡರೆ ಅವನು ಎಡಗಾಲನ್ನು ಕ್ಲಚ್ ಮೇಲಿಟ್ಟು ಕಾಯುತ್ತಾನೆ. ಕಂಡಕ್ಟರ್ ರೇಗಿದರೆ, "ಇರಪ್ಪ, ಸೋಮಾರಿಗಳು ಇನ್ನೂ ಎದ್ದಿಲ್ಲ" ಎನ್ನುತ್ತಾನೆ.

ಎಲ್ಲರೂ ಕೈತೊಳೆದುಕೊಂಡು ಹೋದ ಮೇಲೆ ಇನ್ನೊಮ್ಮೆ ಬಗ್ಗಿ ನೋಡುವವರು ಪ್ರತಿಯೊಂದು ಕಸುಬಿನಲ್ಲೂ ಒಬ್ಬಿಬ್ಬರಿರುತ್ತಾರೆ. ಅವರೇಕೆ ಹಾಗೆ ಎಂದರೆ ಕಾರಣ ಸಿಗುವುದಿಲ್ಲ. ಚೀಟಿ ಎತ್ತಿದ ಹಾಗೆ, ಎಲ್ಲೋ ಒಬ್ಬರು ನಿಧಾನವಾಗಿ ಹುಟ್ಟಿಬಿಡುತ್ತಾರೆ. ಚುರುಕಾದ ನಮ್ಮ ವಂಶವೂ ಇಲ್ಲಿಯವರೆಗೆ ಬಂದಿರುವುದು ಅವರ ಋಣದಿಂದಲೇ ಇರಬೇಕು.