ಗೈರು ಒಬ್ಬನೇ

ದಣಿದ ವಿದ್ಯಾರ್ಥಿಗಳ ದಣಿವಾರಿಸಲೆಂದು ಬಳ್ಳಾರಿಯ ಆ ಕಾಲೇಜು, ಪರೀಕ್ಷೆಗೆ ಮುಂಚಿನ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಶಿಬಿರ ಇಟ್ಟಿತು. ವಿಷಯ, ‘ದಣಿವು ಮತ್ತು ವ್ಯಕ್ತಿತ್ವ’. ಬಾರದವರಿಗೆ ಹಾಲ್ ಟಿಕೆಟ್ ಇಲ್ಲ. ಬೆಂಕಿ ಆರಿಸಲು ಸೀಮೆಎಣ್ಣೆ ತಂದಷ್ಟೇ ಮುತುವರ್ಜಿ.

ಹುಲುಗೇಶ್ ದೇಶನೂರಿನಿಂದ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಮೊದಲ ಬಸ್ಸಿನಲ್ಲಿ ನೇತಾಡುತ್ತಾ ಬಂದಿದ್ದ. ಸೆಮಿನಾರು, ರೆಕಾರ್ಡು, ಇಂಟರ್ನಲ್ಸು ಅಂತ ಅರೆಸಿಕೊಂಡು, ಈಗ ಪುಸ್ತಕ ತೆರೆದರೆ ಅಕ್ಷರಗಳು ಇರುವೆಗಳ ಹಾಗೆ ಎದ್ದು ಹೋಗುತ್ತಿದ್ದವು. ಅಷ್ಟರಲ್ಲಿ ಅದೇ ಕ್ಲಾಸಿನ, ಬಾದನಹಟ್ಟಿಯ ಭೀಮರಾಜನ ಫೋನು.

“ಲೇ ಹುಲುಗ್ಯಾ, ನಾ ಇನ್ನಾ ಕುರುಗೋಡು ಬಸ್‌ಸ್ಟ್ಯಾಂಡಿನಾಗ ಅದೀನಿ. ನನ್ ಹಾಜರಿ ನೀನ ಹೇಳಲೇ. ಸುಂಕಣ್ಣಂದೂ ಹೇಳು. ಅಂವ ಇನ್ನಾ ಹಾಸಿಗ್ಯಾಗ ಅದಾನ.”

ಮೂರು ವರ್ಷದಿಂದ ಇದೇ ಕಸುಬು. ಹೆಸರು ಕೂಗುವಾಗ ಅನಂತ ಮೇಷ್ಟ್ರು ತಲೆ ಎತ್ತುವವರಲ್ಲ. ಎತ್ತಿದರೆ ಖಾಲಿ ಬೆಂಚು ಕಂಡು ತಮ್ಮ ಪಾಠದ ಬೆಲೆ ಗೊತ್ತಾಗಿಬಿಡುತ್ತಿತ್ತು. ಟಿಕ್ಕು ಹಾಕುವಾಗಲೆಲ್ಲ “ಬಂದಿದಾನೆ, ಮುಂದೆ” ಎಂದು ತಮಗೆ ತಾವೇ ಗೊಣಗುವುದು ಅವರ ಚಾಳಿ.

“ಭೀಮರಾಜ.”

ಹುಲುಗೇಶ್ ಗಂಟಲಿಗೆ ಜಲ್ಲಿ ಸುರಿದುಕೊಂಡ. “ಎಸ್ಸಾರ್.”

“ಸುಂಕಣ್ಣ.”

ಈ ಸಲ ಮೂಗಿನಿಂದ. “ಪ್ರೆಜೆಂಟ್ ಸಾರ್.”

ಆಮೇಲೆ ಕಣ್ಣು ಮುಚ್ಚಿತು. ತನ್ನ ಹೆಸರು ಬಂದಾಗ ಗೊರಕೆ ಹೊಡೆಯುತ್ತಿದ್ದ. ಆ ದನಿಯೊಂದು ಮಾತ್ರ ಸ್ವಂತದ್ದು.

“ಇವತ್ತು ಗೈರು ಒಬ್ಬನೇ!” ಮೇಷ್ಟ್ರು ಹಿಗ್ಗಿದರು. “ಹುಲುಗೇಶ್. ಹಾಲ್ ಟಿಕೆಟ್ ಇಲ್ಲ ಅವನಿಗೆ.”

ಬೆಚ್ಚಿ ಎದ್ದವನು ಮೇಜಿಗೆ ಓಡಿದ. “ನಾನ ರೀ ಹುಲುಗೇಶ್!”

ನಿದ್ದೆಗಣ್ಣಲ್ಲಿ ಹೊರಟದ್ದು ಮತ್ತೆ ಆ ಜಲ್ಲಿ ದನಿ.

“ಸುಳ್ಳು! ಇದು ಭೀಮರಾಜನ ದನಿ. ಮೂರು ವರ್ಷ ಕೇಳಿದೀನಿ ಕಣಯ್ಯಾ.”

ಕೆಮ್ಮಿ ಮತ್ತೆ ಹೇಳಿದ. ಸುಂಕಣ್ಣನ ಮೂಗು ಬಂತು. ತನ್ನದನ್ನು ಹುಡುಕಿದ; ಬಳಸಿ ಎಷ್ಟು ಕಾಲವಾಗಿತ್ತೋ, ಸಿಗಲಿಲ್ಲ.

“ನೋಡಿ, ವ್ಯಕ್ತಿತ್ವವೇ ಇಲ್ಲದವರ ಲಕ್ಷಣ!” ಮೇಷ್ಟ್ರು ಶಿಬಿರಕ್ಕೆ ಉದಾಹರಣೆ ಸಿಕ್ಕಿದ ಖುಷಿಯಲ್ಲಿ ಹಾಜರಿ ಪುಸ್ತಕ ಮುಚ್ಚಲು ಬಗ್ಗಿದರು.

ಹಾಲ್ ಟಿಕೆಟ್ ಹೋಗುತ್ತಿತ್ತು. ಹುಲುಗೇಶ್ ಹೊಟ್ಟೆ ಒಳಗೆಳೆದು, ಅನಂತ ಮೇಷ್ಟ್ರದೇ ದನಿಯಲ್ಲಿ ಗೊಣಗಿದ. “ಹುಲುಗೇಶ್... ಬಂದಿದಾನೆ, ಮುಂದೆ.”

ಪೆನ್ನು ತಾನಾಗಿ ಟಿಕ್ಕು ಹಾಕಿತು. ಎದುರಾಡದೆ ಆ ಮನುಷ್ಯ ಮಾತು ಕೇಳುತ್ತಿದ್ದುದು ಜಗತ್ತಿನಲ್ಲಿ ಒಬ್ಬರದೇ, ತಮ್ಮದು.

ಸಂಜೆ ಸಿರುಗುಪ್ಪದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ. “ಎಲ್ಲಿಗಿ?”

“ಸಿರುಗುಪ್ಪಕ್ಕೆ ಕೊಡಿ.” ದನಿ ಇನ್ನೂ ಅನಂತ ಮೇಷ್ಟ್ರದೇ.

“ಏಯ್, ಏಳಲೇ, ಸಾರ್‌ಗೆ ಜಾಗಾ ಬಿಡು! ಬರ್ರಿ ಸಾರ್, ಕುಂದರ್ರಿ.”

ನಾನು ಸಾರ್ ಅಲ್ಲ ಅನ್ನಲು ಹುಲುಗೇಶ್ ಬಾಯಿ ತೆರೆದ. ಹೊರಟದ್ದು, “ಬಂದಿದಾನೆ, ಮುಂದೆ.”

ಕಂಡಕ್ಟರ್ ಸೀಟಿ ಊದಿದ.